ಸೂಪರ್ ಹೀರೋ ಶೋ ಚಿಕ್ಕ ಮಕ್ಕಳಿಗೆ ಹಾಕಬಹುದಾ? ಹಾಕುವ ಮೊದಲಿನಿಂದ ನಿಲ್ಲಿಸುವ ತನಕ, ಹಂತ ಹಂತವಾಗಿ

“ಐದು ವರ್ಷದ ಮಗುವಿಗೆ ಯಾವ ಸೂಪರ್ ಹೀರೋ ಶೋ ಹಾಕಬಹುದು? ಹೆಸರು ಹೇಳಿ, ಸಾಕು.” ಹಾಸನ, ಚಿಕ್ಕಮಗಳೂರು ಕಡೆಯ ಅಪ್ಪ ಅಮ್ಮಂದಿರು ಮತ್ತೆ ಮತ್ತೆ ಕೇಳುವುದು ಇದನ್ನೇ. ಯಾರೋ ಒಂದು ಹೆಸರು ಹೇಳುತ್ತಾರೆ, ಶೋ ಶುರುವಾಗುತ್ತದೆ. ಹದಿನೈದು ದಿನ ಕಳೆಯುವಷ್ಟರಲ್ಲಿ ತಂಗಿಗೆ ಒದೆ, ರಾತ್ರಿ ಅಳು, ಟಿವಿ ಆರಿಸಿದರೆ ರಂಪ. ಆಮೇಲೆ ಇನ್ನೊಂದು ಹೆಸರು ಕೇಳಿಕೊಂಡು ಬರುತ್ತಾರೆ.

ಹೆಚ್ಚಿನವರು ಈ ಕೆಲಸವನ್ನು ತಲೆಕೆಳಗು ಮಾಡುತ್ತಾರೆ. ಮೊದಲು ಶೋ ಹಾಕುತ್ತಾರೆ. ಗಲಾಟೆ ಆದ ಮೇಲೆ ಲಾಕ್ ಎಲ್ಲಿದೆ ಎಂದು ಹುಡುಕುತ್ತಾರೆ. ಎಲ್ಲಕ್ಕಿಂತ ಕೊನೆಗೆ ತಾವೇ ಒಂದು ಎಪಿಸೋಡ್ ನೋಡಿ ಗಾಬರಿಯಾಗುತ್ತಾರೆ. ಈ ಕ್ರಮವನ್ನು ತಿರುಗಿಸಬೇಕು. ಒಂದು ಮನೆಯ ಮಗು ನಕ್ಕು ನಲಿಯುವ ಶೋ ನೋಡಿಯೇ ಪಕ್ಕದ ಮನೆಯ ಮಗು ರಾತ್ರಿ ಹಾಸಿಗೆ ಒದ್ದೆ ಮಾಡಬಹುದು. ಹಾಗಾಗಿ ಬೇರೆಯವರ ಪಟ್ಟಿ ಅರ್ಧ ದಾರಿಯ ತನಕ ಮಾತ್ರ. ಉಳಿದರ್ಧ ನಿಮ್ಮ ಮಗುವನ್ನು ನೋಡಿಯೇ ತೀರ್ಮಾನ ಆಗಬೇಕು.

ಕೆಳಗಿನ ಹಂತಗಳು 3ರಿಂದ 8 ವರ್ಷದ ಮಕ್ಕಳಿಗೆ. ಒಂದನ್ನೂ ಹಾರಿಸಬೇಡಿ, ಹಿಂದುಮುಂದು ಮಾಡಬೇಡಿ. ಹಂತ 7ರಲ್ಲಿ ಹೇಳಿದಂತೆ ಮನೆ ಸುತ್ತ ನೋಡಿ ಬರುವುದು ಮಾತ್ರ ಶೋ ಹಾಕುವ ವಾರವೇ ಆಗಲಿ.

ಮೊದಲು ಇಷ್ಟು ಕೈಯಲ್ಲಿರಲಿ

ಟಿವಿ ಮತ್ತು ಫೋನಿನ ಪಿನ್. ಒಂದು ಹಳೆಯ ನೋಟ್‌ಬುಕ್. ಮಗುವಿಗೂ ಕಾಣುವಂತೆ ಗೋಡೆ ಗಡಿಯಾರ. ಮಗು ಮಲಗಿದ ಮೇಲೆ ನಿಮ್ಮದೊಂದು ಗಂಟೆ.

ಜೊತೆಗೆ ಮನೆಯಲ್ಲಿ ಎಲ್ಲರ ಒಪ್ಪಿಗೆ ಬೇಕು. ಅಮ್ಮ ಲಾಕ್ ಹಾಕಿ, ತಾತ “ಅಳ್ತಾ ಇದೆ ಪಾಪ, ಕೊಡು” ಅಂತ ತಮ್ಮ ಫೋನ್ ಕೊಟ್ಟರೆ ಮುಂದಿನದ್ದೆಲ್ಲ ಸುಮ್ನೆ. ಅಜ್ಜಿ ತಾತನ ಜೊತೆ ಮೊದಲೇ ಕೂತು ಮಾತಾಡಿ. ಅವರಿಗೆ ಗದರಿಕೆ ಬೇಡ, ಕೆಲಸ ಕೊಡಿ. ಗಡಿಯಾರ ನೋಡಿ ಟಿವಿ ಆರಿಸುವ ಜವಾಬ್ದಾರಿ ತಾತನದು ಎಂದರೆ ಅವರೇ ನಿಮಗಿಂತ ಕಟ್ಟುನಿಟ್ಟಾಗುತ್ತಾರೆ.

ಹಂತ 1: ವಯಸ್ಸು ನೋಡಿ ಸಮಯ ಗೊತ್ತು ಮಾಡಿ

ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿ 2021ರಲ್ಲಿ ಕೊಟ್ಟ ಸಲಹೆ ಹೀಗಿದೆ: 2 ವರ್ಷದೊಳಗೆ ಸ್ಕ್ರೀನ್ ಬೇಡ, ಅಪರೂಪದ ವಿಡಿಯೋ ಕಾಲ್ ಬಿಟ್ಟು. 2ರಿಂದ 5 ವರ್ಷಕ್ಕೆ ದಿನಕ್ಕೆ ಹೆಚ್ಚೆಂದರೆ 1 ಗಂಟೆ. 5ರಿಂದ 10 ವರ್ಷಕ್ಕೆ 2 ಗಂಟೆಗಿಂತ ಕಡಿಮೆ. ವಿಶ್ವ ಆರೋಗ್ಯ ಸಂಸ್ಥೆಯೂ 2019ರಲ್ಲಿ 2ರಿಂದ 4 ವರ್ಷದವರಿಗೆ 1 ಗಂಟೆ ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು ಎಂದು ಹೇಳಿದೆ.

ಇದು ಇಡೀ ದಿನದ ಲೆಕ್ಕ. ಊಟ ಮಾಡಿಸುವಾಗ ಹಿಡಿಸಿದ ಫೋನ್, ಅಜ್ಜಿ ಪಕ್ಕ ಕೂತು ನೋಡಿದ ಧಾರಾವಾಹಿ, ಎಲ್ಲವೂ ಸೇರುತ್ತವೆ. ಅವನ್ನು ಕಳೆದರೆ ಸೂಪರ್ ಹೀರೋಗೆ ಉಳಿಯುವುದು ಒಂದು ಎಪಿಸೋಡ್ ಅಷ್ಟೇ. ಅಷ್ಟೇ ಇರಲಿ.

ನಾಲ್ಕು ವರ್ಷದೊಳಗಿನ ಮಗುವಿಗೆ ಈ ಬಗೆಯ ಶೋಗಳನ್ನು ತೋರಿಸುವ ಅಗತ್ಯವೇ ಇಲ್ಲ ಅನ್ನುವುದು ನನ್ನ ಅಭಿಪ್ರಾಯ. ಅಣ್ಣ ನೋಡುತ್ತಾನೆ, ತಡೆಯಲು ಆಗುವುದಿಲ್ಲ ಎಂದಾದರೆ, 2021ರಲ್ಲಿ ಶುರುವಾದ ‘ಸ್ಪೈಡಿ ಆಂಡ್ ಹಿಸ್ ಅಮೇಜಿಂಗ್ ಫ್ರೆಂಡ್ಸ್’ನಂತೆ ಶಾಲೆಗೆ ಸೇರುವ ಮುಂಚಿನ ಮಕ್ಕಳಿಗೆಂದೇ ಮಾಡಿದ್ದನ್ನು ಆರಿಸಿ. ಆಗಲೂ ಮುಂದಿನ ಹಂತಗಳನ್ನು ಬಿಡುವ ಹಾಗಿಲ್ಲ.

ಹಂತ 2: ಶೋ ಹುಡುಕುವ ಮೊದಲೇ ಬೀಗ ಹಾಕಿ

ಒಟಿಟಿ ಆ್ಯಪ್‌ನಲ್ಲಿ ಮಗುವಿಗೆ ಬೇರೆ ಕಿಡ್ಸ್ ಪ್ರೊಫೈಲ್ ಮಾಡಿ. ಇಲ್ಲಿಗೇ ನಿಲ್ಲಿಸುವುದು ಎಲ್ಲರೂ ಮಾಡುವ ತಪ್ಪು. ದೊಡ್ಡವರ ಪ್ರೊಫೈಲಿಗೆ ಪಿನ್ ಇಲ್ಲದಿದ್ದರೆ ಮಗು ಪಕ್ಕದ ಚಿತ್ರ ಒತ್ತಿ ಒಳಗೆ ಹೋಗುತ್ತದೆ. ಪಿನ್ ಬೀಳಬೇಕಾದದ್ದು ನಿಮ್ಮ ಪ್ರೊಫೈಲಿಗೆ.

ಆಮೇಲೆ ಆಟೋಪ್ಲೇ ಆಫ್ ಮಾಡಿ. ಒಂದು ಎಪಿಸೋಡ್ ಮುಗಿದ ಕೂಡಲೇ ಇನ್ನೊಂದು ತಾನೇ ಶುರುವಾಗುತ್ತಿದ್ದರೆ, ಆರಿಸುವ ನೀವೇ ಮಗುವಿನ ಪಾಲಿಗೆ ವಿಲನ್. ಡಿಟಿಎಚ್ ಇದ್ದವರು ಸೆಟ್ ಟಾಪ್ ಬಾಕ್ಸ್‌ನ ಚಾನೆಲ್ ಲಾಕ್ ಬಳಸಿ. ಬಾಕ್ಸ್ ಜೊತೆ ಬಂದ ಪಿನ್ ಬದಲಿಸಿ, ಅದು ಊರಿಗೆಲ್ಲ ಗೊತ್ತಿರುತ್ತದೆ.

ಯೂಟ್ಯೂಬ್ ಬೇರೆಯದೇ ತಲೆನೋವು. ಅಲ್ಲಿ ಹೀರೋಗಳ ವೇಷ ಹಾಕಿದ ಯಾರು ಯಾರದೋ ವಿಡಿಯೋಗಳಿರುತ್ತವೆ. ಮಕ್ಕಳ ಮೆಚ್ಚಿನ ಪಾತ್ರಗಳನ್ನು ಹಾಕಿಕೊಂಡು ಹಿಂಸೆ, ಅಸಹ್ಯ ತುಂಬಿದ ಇಂಥ ವಿಡಿಯೋಗಳ ಬಗ್ಗೆ 2017ರಲ್ಲಿ ಜಗತ್ತಿನಾದ್ಯಂತ ದೊಡ್ಡ ಗದ್ದಲವೇ ಆಯಿತು. ಚಿಕ್ಕ ಮಗುವಿನ ಕೈಗೆ ಮಾಮೂಲಿ ಯೂಟ್ಯೂಬ್ ಕೊಡಲೇಬೇಡಿ. ಯೂಟ್ಯೂಬ್ ಕಿಡ್ಸ್‌ನಲ್ಲಿ ನೀವು ಒಪ್ಪಿದ ವಿಡಿಯೋಗಳು ಮಾತ್ರ ಕಾಣುವ ಆಯ್ಕೆ ಇದೆ, ಅದನ್ನೇ ಇಡಿ.

ಕಾಫಿ ಕೊಯ್ಲಿನ ಕಾಲದಲ್ಲಿ, ನವೆಂಬರ್‌ನಿಂದ ಫೆಬ್ರವರಿ ತನಕ, ಮನೆಯಲ್ಲಿ ದೊಡ್ಡವರು ಸಿಗುವುದೇ ಕಷ್ಟ. ಆಗ ಫೋನೇ ಆಯಾ ಆಗಿಬಿಡುತ್ತದೆ. ಜುಲೈ ಮಳೆಯಲ್ಲಿ ಡಿಶ್ ಸಿಗ್ನಲ್ ಹೋದಾಗಲೂ ಕೈ ಹೋಗುವುದು ಫೋನಿಗೇ. ಮೂಡಿಗೆರೆ, ಆಲ್ದೂರು, ಸಕಲೇಶಪುರದ ಒಳಗಿನ ತೋಟಗಳವರಿಗೆ ಒಂದು ಉಪಾಯ: ಪೇಟೆಗೆ ಹೋದಾಗ, ನೆಟ್‌ವರ್ಕ್ ಚೆನ್ನಾಗಿರುವಲ್ಲಿ, ನೀವು ನೋಡಿ ಪಾಸ್ ಮಾಡಿದ ಎರಡು ಮೂರು ಎಪಿಸೋಡ್ ಡೌನ್‌ಲೋಡ್ ಮಾಡಿಕೊಳ್ಳಿ. ಮಗುವಿಗೆ ಕೊಡುವಾಗ ಏರ್‌ಪ್ಲೇನ್ ಮೋಡ್‌ಗೆ ಹಾಕಿ. ಇದ್ದಷ್ಟು ಮುಗಿದರೆ ಮುಗಿಯಿತು. ನೆಟ್‌ವರ್ಕ್ ಇಲ್ಲದ್ದೂ ಒಮ್ಮೊಮ್ಮೆ ಒಳ್ಳೆಯದೇ.

ಹಂತ 3: ವಯಸ್ಸಿನ ಗುರುತು ನೋಡಿ ಸೋಸಿ

2021ರ ಐಟಿ ನಿಯಮಗಳ ಪ್ರಕಾರ ಒಟಿಟಿಯವರು ಪ್ರತಿ ಶೋಗೂ ಗುರುತು ಹಾಕಬೇಕು: ಯು, ಯು/ಎ 7+, ಯು/ಎ 13+, ಯು/ಎ 16+, ಎ. ಪೋಷಕರ ಲಾಕ್ ಇರಲೇಬೇಕು ಎನ್ನುವ ನಿಯಮ 13+ ಮತ್ತು ಅದರ ಮೇಲಿನದ್ದಕ್ಕೆ. ಅಂದರೆ 7+ ಶೋ ಯಾವ ತಡೆಯೂ ಇಲ್ಲದೆ ತೆರೆದುಕೊಳ್ಳಬಹುದು. 7+ ಎಂದರೆ ಏಳು ದಾಟಿದವರಿಗೆ ಸರಿ, ಅದಕ್ಕಿಂತ ಚಿಕ್ಕವರು ದೊಡ್ಡವರ ಜೊತೆ ನೋಡಬಹುದು ಎಂದರ್ಥ. ಐದರ ಮಗುವನ್ನು ಅದರ ಮುಂದೆ ಕೂರಿಸಿ ಅಡುಗೆಮನೆಗೆ ಹೋಗುವ ಹಾಗಿಲ್ಲ.

13+ ಮತ್ತು ಮೇಲಿನದ್ದನ್ನು ಚರ್ಚೆಯಿಲ್ಲದೆ ಬಿಡಿ. “ಕಾರ್ಟೂನ್ ತಾನೆ” ಎನ್ನುವುದು ಇಲ್ಲಿ ದೊಡ್ಡ ಮೋಸ. 2021ರ ‘ಇನ್‌ವಿನ್ಸಿಬಲ್’ ಕಾರ್ಟೂನೇ, ಹೀರೋ ಬಟ್ಟೆಯೂ ಬಣ್ಣ ಬಣ್ಣ. ಆದರೆ ಒಳಗೆ ರಕ್ತದ ಹೊಳೆ, ಅದು ದೊಡ್ಡವರದ್ದು. 2019ರ ‘ದ ಬಾಯ್ಸ್’ ಕಾರ್ಟೂನ್ ಅಲ್ಲ, ಆದರೆ ಅದೂ ದೊಡ್ಡವರದ್ದೇ. ಪೋಸ್ಟರ್‌ನಲ್ಲಿ ಬೆನ್ನ ಮೇಲೆ ಬಟ್ಟೆ ಹಾರುತ್ತಿದ್ದರೆ ಮಕ್ಕಳದ್ದೆಂದು ತಿಳಿಯಬೇಡಿ.

ಇನ್ನೊಂದು ಜರಡಿ ಭಾಷೆಯದು. ಇದನ್ನು ಹೆಚ್ಚಿನವರು ಯೋಚಿಸುವುದೇ ಇಲ್ಲ. ಮನೆಯಲ್ಲಿ ಕನ್ನಡ ಮಾತಾಡುವ ನಾಲ್ಕೈದು ವರ್ಷದ ಮಗು ಇಂಗ್ಲಿಷ್ ಅಥವಾ ಹಿಂದಿ ಶೋ ನೋಡುವಾಗ ಅದಕ್ಕೆ ದಕ್ಕುವುದು ಏನು? ಗುದ್ದು, ಸ್ಫೋಟ, ಓಟ. “ಹೊಡೆಯುವ ಮೊದಲು ಮಾತಾಡೋಣ”, “ಅವನಿಗೆ ಸಹಾಯ ಮಾಡೋಣ” ಎನ್ನುವುದೆಲ್ಲ ಮಾತಿನಲ್ಲಿರುತ್ತದೆ. ಅದು ತಲೆಯ ಮೇಲೆ ಹಾರಿ ಹೋಗುತ್ತದೆ. ಒಳ್ಳೆಯ ಶೋ ಕೂಡ ಆ ಮಗುವಿಗೆ ಬರೀ ಹೊಡೆದಾಟ. ಆ್ಯಪ್‌ನಲ್ಲಿ ಆಡಿಯೋ ಭಾಷೆ ನೋಡಿ, ಕನ್ನಡ ಇದ್ದರೆ ಅದನ್ನೇ ಹಾಕಿ. ಟಿವಿಯಲ್ಲಾದರೆ ಚಿಂಟು ಟಿವಿ ಕನ್ನಡದ್ದೇ ಮಕ್ಕಳ ಚಾನೆಲ್. ಕನ್ನಡ ಇಲ್ಲ ಎಂದಾದರೆ ಪಕ್ಕದಲ್ಲಿ ಕೂತು ಕತೆ ಹೇಳಲು ನಿಮಗೆ ಪುರುಸೊತ್ತಿದೆಯಾ ನೋಡಿ. ಇಲ್ಲದಿದ್ದರೆ ಆ ಶೋ ಬೇಡ.

ಹಂತ 4: ಮಗು ಮಲಗಿದ ಮೇಲೆ ನೀವು ನೋಡಿ

ಟ್ರೈಲರ್ ಸಾಲದು, ಮೊದಲ ಎಪಿಸೋಡ್ ಮಾತ್ರವೂ ಸಾಲದು. ಮೊದಲನೆಯದರಲ್ಲಿ ಪಾತ್ರಗಳ ಪರಿಚಯವೇ ಜಾಸ್ತಿ. ನಡುವಿನದೊಂದು, ಸೀಸನ್ನಿನ ಕೊನೆಯದೊಂದು ನೋಡಿ. ಹೊಡೆದಾಟ ಜೋರಾಗುವುದು ಕೊನೆಗೇ. ಒಂದೆರಡು ನಿಮಿಷ ಸೌಂಡ್ ಪೂರ್ತಿ ಬಂದ್ ಮಾಡಿಯೂ ನೋಡಿ. ಮಾತು ಅರ್ಥವಾಗದ ಮಗುವಿಗೆ ಅದು ಹೇಗೆ ಕಾಣುತ್ತದೆ ಎಂದು ಆಗ ಗೊತ್ತಾಗುತ್ತದೆ.

ನೋಟ್‌ಬುಕ್ಕಿನಲ್ಲಿ ಈ ಪ್ರಶ್ನೆಗಳಿಗೆ ಒಂದೊಂದು ಸಾಲು ಬರೆಯಿರಿ:

1. ಸಮಸ್ಯೆ ಮುಗಿಯುವುದು ಗುದ್ದಿನಿಂದಲೋ, ಬುದ್ಧಿಯಿಂದಲೋ? ಪ್ರತಿ ಸಲವೂ ಗುದ್ದೇ ಆದರೆ ಕೆಳಗಿಡಿ.

2. ಹೊಡೆತ ತಿಂದವನಿಗೆ ನೋವಾಗುತ್ತದಾ? ಎಂಟು ಮಹಡಿಯಿಂದ ಬಿದ್ದು ಧೂಳು ಕೊಡವಿಕೊಂಡು ಏಳುವ ದೃಶ್ಯ ನಿಮಗೆ ತಮಾಷೆ. ನಾಲ್ಕರ ಮಗುವಿಗೆ ಅದು ಮಾಹಿತಿ.

3. ಹೊಡೆದದ್ದಕ್ಕೆ ನಗು ಬರುವ ಹಾಗೆ ತೋರಿಸಿದ್ದಾರಾ? ಇದು ರಕ್ತಕ್ಕಿಂತ ಬೇಗ ಮನೆಗೆ ಬರುತ್ತದೆ.

4. ಕತೆ ಅದೇ ಎಪಿಸೋಡಿನಲ್ಲಿ ಮುಗಿಯುತ್ತದಾ? ಹೀರೋನನ್ನು ಕಟ್ಟಿಹಾಕಿದಲ್ಲಿಗೇ ‘ಮುಂದುವರಿಯುವುದು’ ಎಂದು ಬಂದರೆ ಚಿಕ್ಕ ಮಗುವಿಗೆ ಆ ರಾತ್ರಿ ಹೀರೋ ಕಟ್ಟಿಹಾಕಿದ ಸ್ಥಿತಿಯಲ್ಲೇ ಇರುತ್ತಾನೆ.

5. ಮುಖ ಬದಲಾಗುವ, ಮನುಷ್ಯ ರಾಕ್ಷಸನಾಗುವ ದೃಶ್ಯ ಇದೆಯಾ?

ಈ ಐದನೆಯದರ ಬಗ್ಗೆ ಸ್ವಲ್ಪ ಹೇಳಬೇಕು. ಟಿವಿಯ ‘ದ ಇನ್‌ಕ್ರೆಡಿಬಲ್ ಹಲ್ಕ್’ ಇಟ್ಟುಕೊಂಡು ಅಮೆರಿಕದ ಸಂಶೋಧಕರು ನಡೆಸಿದ ಅಧ್ಯಯನವೊಂದು 1986ರಲ್ಲಿ ಪ್ರಕಟವಾಯಿತು. ಶಾಲೆಗೆ ಹೋಗುವ ಮೊದಲಿನ ವಯಸ್ಸಿನವರು ಹೆಚ್ಚು ಹೆದರಿದ್ದು ಸೌಮ್ಯ ಮನುಷ್ಯ ಹಸಿರು ದೈತ್ಯನಾಗುವ ದೃಶ್ಯಕ್ಕೆ. ಅವನು ಒಳ್ಳೆಯವನು, ಕಾಪಾಡಲಿಕ್ಕೇ ಬಂದವನು. ಅದು ಅವರಿಗೆ ಲೆಕ್ಕಕ್ಕೇ ಬರಲಿಲ್ಲ, ಕಂಡ ರೂಪವೇ ಮುಖ್ಯವಾಯಿತು. ದೊಡ್ಡ ಮಕ್ಕಳು ಹೆದರಿದ್ದು ಅದಕ್ಕಿಂತ ಮುಂಚೆ ಬರುವ ಅಪಾಯದ ದೃಶ್ಯಕ್ಕೆ. ನಮ್ಮ ಕಡೆ ಯಕ್ಷಗಾನದಲ್ಲಿ ಬಣ್ಣದ ವೇಷ ಬಂದ ಕೂಡಲೇ ಅಮ್ಮನ ಸೆರಗಿನೊಳಗೆ ಸೇರುವ ಮಕ್ಕಳನ್ನು ನೋಡಿದವರಿಗೆ ಇದು ಹೊಸದೇನಲ್ಲ. “ಹೀರೋ ಒಳ್ಳೆಯವನಲ್ವಾ, ಇದಕ್ಕೇನು ಭಯ” ಎನ್ನಬೇಡಿ.

ಐದರಲ್ಲಿ ಎರಡು ಕಡೆ ನಿಮಗೇ ಅನುಮಾನ ಬಂದರೆ ಆ ಶೋ ಮುಂದಿನ ವರ್ಷಕ್ಕಿರಲಿ.

ಹಂತ 5: ಮೊದಲ ಕೆಲವು ಸಲ ಪಕ್ಕದಲ್ಲೇ ಕೂತಿರಿ

ಸಂಜೆ ಬೆಳಕಿರುವಾಗ ಹಾಕಿ. ಮಲಗುವ ಮುನ್ನ ಬೇಡ.

ನಡುವೆ ಒಂದೆರಡು ಕಡೆ ನಿಲ್ಲಿಸಿ ಸಣ್ಣ ಪ್ರಶ್ನೆ ಕೇಳಿ. “ಅವ್ನಿಗೆ ನೋವಾಯ್ತಾ?” “ಈಗ ಏನ್ ಮಾಡ್ತಾನೆ?” ಉತ್ತರ ತಪ್ಪಿದ್ದರೂ ತಿದ್ದಲು ಹೋಗಬೇಡಿ. ಮಗುವಿಗೆ ಏನು ಕಾಣುತ್ತಿದೆ ಎಂದು ತಿಳಿಯುವುದಷ್ಟೇ ಈಗ ಬೇಕಾದ್ದು. ಕೊನೆಯ ಒಂದು ನಿಮಿಷದಲ್ಲಿ ಹೀರೋ ಹೇಳುವ ಬುದ್ಧಿಮಾತನ್ನು ನಂಬಿ ಕೂರಬೇಡಿ. ಹತ್ತು ನಿಮಿಷದ ಹೊಡೆದಾಟಕ್ಕೂ ಆ ಮಾತಿಗೂ ಇರುವ ನಂಟು ಐದರ ತಲೆಗೆ ಸುಲಭಕ್ಕೆ ಹತ್ತುವುದಿಲ್ಲ.

ಹೆದರಿದರೆ ಆರೇಳು ವರ್ಷದೊಳಗಿನವರಿಗೆ “ಅದೆಲ್ಲ ಕಂಪ್ಯೂಟರಲ್ಲಿ ಮಾಡಿದ್ದು” ಎಂದು ವಿವರಿಸುವುದರಿಂದ ಹೆಚ್ಚು ಪ್ರಯೋಜನವಿಲ್ಲ. ಟಿವಿ ಆರಿಸಿ, ಮಡಿಲಲ್ಲಿ ಕೂರಿಸಿಕೊಳ್ಳಿ, ನೀರು ಕೊಡಿ, ಬೇರೆ ಕೆಲಸಕ್ಕೆ ಕರೆದುಕೊಂಡು ಹೋಗಿ. ಎಂಟರ ಮಗುವಿಗಾದರೆ ವಿವರಣೆ ಕೆಲಸ ಮಾಡುತ್ತದೆ.

ಮಲೆನಾಡಿನವರಿಗೆ ಇನ್ನೊಂದು ಮಾತು. ಹೊಡೆದಾಟದ ನಡುವೆ ಕರೆಂಟು ಹೋದರೆ “ನಾಳೆ ನೋಡೋಣ” ಎಂದು ಬಿಡಬೇಡಿ. ಕತ್ತಲೆ, ಮಳೆ ಸದ್ದು, ಮುಗಿಯದ ಕತೆ, ಮೂರೂ ಸೇರಿದರೆ ರಾತ್ರಿ ನಿದ್ದೆ ಇಲ್ಲ. ಕೊನೆ ನಿಮಗೆ ಗೊತ್ತಿದೆಯಲ್ಲ, ಅಲ್ಲೇ ಕೂತು ಬಾಯಲ್ಲಿ ಹೇಳಿ ಮುಗಿಸಿ.

ಹಂತ 6: ಆಮೇಲಿನ ಮೂರು ದಿನ ಮಗುವನ್ನು ನೋಡಿ

ಈ ಹಂತವೇ ತೀರ್ಪು. ಉಳಿದವೆಲ್ಲ ಸಿದ್ಧತೆ.

ಗಾಬರಿ ಬೇಡದ ಲಕ್ಷಣಗಳು ಬಹಳ ಇವೆ. ಕೈ ಮುಂದೆ ಚಾಚಿ ಓಡುವುದು, ತಾನೇ ಹೀರೋ ಎನ್ನುವುದು, ಸ್ನಾನಕ್ಕೂ ಅದೇ ಬಟ್ಟೆ ಬೇಕೆನ್ನುವುದು, ಕತೆಯನ್ನು ತನಗೆ ಬೇಕಾದ ಹಾಗೆ ಬದಲಿಸುವುದು. ಕತೆ ಬದಲಿಸುವುದಂತೂ ಒಳ್ಳೆಯ ಗುರುತು.

ಎಚ್ಚರದ ಲಕ್ಷಣಗಳು ಬೇರೆ. ಆಟವಿಲ್ಲದಾಗಲೂ ಹೊಡೆಯುವುದು. ಪ್ರತಿ ಆಟದಲ್ಲೂ ಒಂದೇ ಮಗುವನ್ನು, ಸಾಮಾನ್ಯವಾಗಿ ಮನೆಯ ಚಿಕ್ಕದನ್ನು, ವಿಲನ್ ಮಾಡಿ ಒದೆಯುವುದು. ಎದುರಿನವರು ಅತ್ತರೂ ನಿಲ್ಲಿಸದಿರುವುದು. “ನೀನು ಕೆಟ್ಟವ್ಳು, ಆಟಕ್ಕೆ ಸೇರಿಸಲ್ಲ” ಎಂದು ಗುಂಪು ಕಟ್ಟುವುದು. ರಾತ್ರಿ ಬೆಚ್ಚಿ ಏಳುವುದು, ನಿಂತಿದ್ದ ಹಾಸಿಗೆ ಒದ್ದೆ ಮತ್ತೆ ಶುರುವಾಗುವುದು, ಹಿತ್ತಲ ಬಚ್ಚಲಿಗೆ ಒಬ್ಬನೇ ಹೋಗಲು ಒಲ್ಲೆ ಎನ್ನುವುದು. ದಿನ, ಹೊತ್ತು ಹಾಕಿ ಬರೆದಿಡಿ. ಬರೆಯದಿದ್ದರೆ “ಮಕ್ಕಳು ಹಾಗೇ” ಎಂದು ಒಂದು ದಿನ, “ಎಲ್ಲ ಟಿವಿಯಿಂದಲೇ” ಎಂದು ಇನ್ನೊಂದು ದಿನ ಅನ್ನಿಸುತ್ತದೆ. ಅಂಗನವಾಡಿ ಟೀಚರ್ ಅಥವಾ ಸ್ಕೂಲಿನ ಮಿಸ್‌ಗೂ ಒಂದು ಮಾತು ಕೇಳಿ. ಮನೆಯಲ್ಲಿ ಸಾಧು, ಅಲ್ಲಿ ಭೀಮ ಆಗಿರಬಹುದು.

“ಒಳ್ಳೆಯವರ ಪರ ನಿಲ್ಲುವುದನ್ನು ಕಲಿಯುತ್ತದಲ್ವಾ?” ಎಂದು ಹಲವರು ಕೇಳುತ್ತಾರೆ. ಅಮೆರಿಕದ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದ ಸಂಶೋಧಕರು 240 ಚಿಕ್ಕ ಮಕ್ಕಳನ್ನು ಇಟ್ಟುಕೊಂಡು ಇದನ್ನೇ ನೋಡಿದರು. ಅದು 2017ರಲ್ಲಿ ಪ್ರಕಟವಾಯಿತು. ಸೂಪರ್ ಹೀರೋಗಳಲ್ಲಿ ಹೆಚ್ಚು ಮುಳುಗಿದ್ದ ಮಕ್ಕಳಲ್ಲಿ ಒಂದು ವರ್ಷದ ನಂತರ ಹೊಡೆದಾಟ, ಜಗಳ ಹೆಚ್ಚಿತ್ತು. ಸಹಾಯ ಮಾಡುವುದು, ಪೆಟ್ಟು ತಿನ್ನುವವರ ಪರ ನಿಲ್ಲುವುದು ಹೆಚ್ಚಿರಲಿಲ್ಲ. ನೋಡಿದ ಪ್ರತಿ ಮಗುವೂ ಹೀಗಾಗುತ್ತದೆ ಎಂದು ಇದರ ಅರ್ಥವಲ್ಲ. ಆದರೆ ಒಳ್ಳೆಯ ಗುಣ ಶೋನಿಂದ ತಾನಾಗಿ ಬರುತ್ತದೆ ಎಂದು ಸುಮ್ಮನಿರಬೇಡಿ.

ಹಂತ 7: ಆಟಕ್ಕೆ ಜಾಗ ಗೊತ್ತು ಮಾಡಿ

ನೀವು ತೊಂಬತ್ತರ ದಶಕದಲ್ಲಿ ಬೆಳೆದವರಾದರೆ 1997ರಲ್ಲಿ ದೂರದರ್ಶನದಲ್ಲಿ ಶುರುವಾದ ‘ಶಕ್ತಿಮಾನ್’ ನೆನಪಿರಬೇಕು. ಅದನ್ನು ಅನುಕರಿಸಲು ಹೋಗಿ ಮಕ್ಕಳು ಗಾಯ ಮಾಡಿಕೊಂಡ ವರದಿಗಳು ಆಗ ಬಂದಿದ್ದವು. ಬ್ರಿಟನ್ನಿನ ವೈದ್ಯರು 2007ರಲ್ಲಿ ಒಂದು ಲೇಖನ ಬರೆದರು. ಹೀರೋ ಬಟ್ಟೆ ತೊಟ್ಟಿದ್ದಾಗಲೇ ಗಾಯ ಮಾಡಿಕೊಂಡು ಬಂದ ಐದು ಮಕ್ಕಳ ವಿಷಯ ಅದರಲ್ಲಿತ್ತು. ಅಪಾಯ ಇರುವುದು ಕೊಠಡಿಯೊಳಗಿನ ಟಿವಿಗಿಂತ ಅದು ಆರಿದ ಮೇಲಿನ ಅರ್ಧ ಗಂಟೆಯಲ್ಲಿ.

ಆದ್ದರಿಂದ ಶೋ ಹಾಕುವ ವಾರವೇ ಮನೆ ಸುತ್ತ ಒಂದು ಸುತ್ತು ಬನ್ನಿ. ಅಟ್ಟದ ಏಣಿ ತೆಗೆದಿಡಿ. ಕಾಳುಮೆಣಸು ಕೊಯ್ಯುವ ಏಣಿಯನ್ನು ಸಿಲ್ವರ್ ಮರಕ್ಕೆ ಒರಗಿಸಿ ಬಿಡಬೇಡಿ, ಮಲಗಿಸಿ ಇಡಿ. ಕಾಫಿ ಕಣದ ತಗ್ಗಿನ ಕಡೆಯ ಗೋಡೆ, ಮಹಡಿಯ ಸಜ್ಜೆ, ಬಾವಿಕಟ್ಟೆ, ಇವೆಲ್ಲ ಹಾರುವ ಜಾಗಗಳಾಗಿ ಕಾಣುತ್ತವೆ. ಅರಸೀಕೆರೆ, ಚನ್ನರಾಯಪಟ್ಟಣದ ಕಡೆಯವರು ಕೃಷಿ ಹೊಂಡವನ್ನು ಮರೆಯಬೇಡಿ. ಪ್ಲಾಸ್ಟಿಕ್ ಹಾಸಿದ ಹೊಂಡಕ್ಕೆ ಜಾರಿದರೆ ದೊಡ್ಡವರೇ ಮೇಲೆ ಬರಲಾರರು. ಬೇಲಿ ಇಲ್ಲದ ಹೊಂಡ ಇದ್ದರೆ ಶೋ ಇರಲಿ ಇಲ್ಲದಿರಲಿ, ಮೊದಲು ಬೇಲಿ.

ಹೀರೋ ಆಗಲು ಎಲ್ಲ ಮಕ್ಕಳೂ ಕುತ್ತಿಗೆಗೆ ಟವೆಲ್ ಕಟ್ಟಿಕೊಳ್ಳುತ್ತಾರೆ. ಗಂಟು ಹಾಕಿದ ಟವೆಲ್ ಗೇಟಿಗೋ ಕೊಂಬೆಗೋ ಸಿಕ್ಕಿದರೆ ಉಸಿರೇ ಕಟ್ಟುತ್ತದೆ. ಎಳೆದರೆ ತಾನೇ ಬಿಚ್ಚುವ ಹಾಗೆ ಅಂಗಿಯ ಹೆಗಲಿಗೆ ವೆಲ್ಕ್ರೋ ಹಾಕಿಕೊಡಿ. ಜಾತ್ರೆಯ ಪ್ಲಾಸ್ಟಿಕ್ ಮುಖವಾಡ ಹಾಕಿಕೊಂಡು ಓಡಲು ಬಿಡಬೇಡಿ, ಪಕ್ಕಕ್ಕೆ ಏನೂ ಕಾಣುವುದಿಲ್ಲ.

ಆಟದ ನಿಯಮ ಮೂರು ಸಾಕು: ನೆಲದ ಮೇಲೆ ಮಾತ್ರ, ಮೈ ಮುಟ್ಟದ ಹೊಡೆತ, “ಸಾಕು” ಎಂದರೆ ಅಲ್ಲಿಗೇ ನಿಲ್ಲಬೇಕು. ಬಿದ್ದು ತಲೆಗೆ ಪೆಟ್ಟಾಗಿ ವಾಂತಿ, ವಿಪರೀತ ಮಂಪರು, ಫಿಟ್ಸ್ ಬಂದರೆ ಅಥವಾ ಸ್ವಲ್ಪ ಹೊತ್ತು ಎಚ್ಚರ ತಪ್ಪಿದ್ದರೆ ಕಾಯಬೇಡಿ, 108ಕ್ಕೆ ಫೋನ್ ಮಾಡಿ. ಘಟ್ಟದ ರಸ್ತೆಯಲ್ಲಿ ಆಸ್ಪತ್ರೆ ಮುಟ್ಟಲು ಹೊತ್ತು ಹಿಡಿಯುತ್ತದೆ.

ಹೀರೋ ಆಟವನ್ನು ಕೆಲಸಕ್ಕೂ ಬಳಸಬಹುದು. ಅಮೆರಿಕದಲ್ಲಿ 4 ಮತ್ತು 6 ವರ್ಷದ ಮಕ್ಕಳಿಗೆ ಬೇಜಾರಿನ ಕೆಲಸ ಕೊಟ್ಟು ನೋಡಿದಾಗ, ತಾವೇ ಬ್ಯಾಟ್‌ಮ್ಯಾನ್‌ನಂಥ ಪಾತ್ರ ಎಂದುಕೊಂಡವರು ಉಳಿದವರಿಗಿಂತ ಹೆಚ್ಚು ಹೊತ್ತು ಕೆಲಸ ಬಿಡದೆ ಮಾಡಿದರು. ಇದೂ 2017ರದ್ದೇ. ಬಟಾಣಿ ಸುಲಿಯಲು, ಆಟಿಕೆ ಎತ್ತಿಡಲು “ಈಗ ಹೀರೋ ಏನ್ ಮಾಡ್ತಾನೆ?” ಎಂದು ಕೇಳಿ ನೋಡಿ.

ಹಂತ 8: ನಿಲ್ಲಿಸಬೇಕಾಗಿ ಬಂದರೆ

ಎಚ್ಚರದ ಲಕ್ಷಣ ಕಂಡರೆ ಶೋ ನಿಲ್ಲಿಸಿ. ನಡುವೆ ಪ್ಲಗ್ ಕೀಳಬೇಡಿ, ಆ ಎಪಿಸೋಡ್ ಮುಗಿಯಲಿ. ಮಾರನೆಯ ದಿನ ಬೆಳಿಗ್ಗೆ, ಮಗು ಸಮಾಧಾನವಾಗಿರುವಾಗ ಹೇಳಿ: “ಇದನ್ನ ನೋಡಿದ್ರೆ ನಿಂಗೆ ರಾತ್ರಿ ನಿದ್ದೆ ಬರ್ತಿಲ್ಲ. ಸ್ವಲ್ಪ ದಿನ ಬೇಡ ಕಂದಾ.” ಶಿಕ್ಷೆ ಎನ್ನುವ ಹಾಗೆ ಹೇಳಿದರೆ ಮುಂದಿನ ಸಲ ಹೆದರಿದ್ದನ್ನು ಮುಚ್ಚಿಡುತ್ತದೆ. ಟಿವಿ ಹಾಕುತ್ತಿದ್ದ ಅದೇ ಹೊತ್ತಿಗೆ ಬೇರೆ ಏನಾದರೂ ಇರಲೇಬೇಕು. ಇಲ್ಲದಿದ್ದರೆ ಮೂರನೆಯ ದಿನ ನೀವೇ ಸೋಲುತ್ತೀರಿ. ಎರಡು ಮೂರು ದಿನ ಅಳು ಇರುತ್ತದೆ, ತಡೆದುಕೊಳ್ಳಿ.

ರಜೆಯಲ್ಲಿ ದೊಡ್ಡಮ್ಮನ ಮನೆಗೆ ಹೋದಾಗ ಅಲ್ಲಿನ ಅಣ್ಣಂದಿರು ಅದೇ ಶೋ ಹಾಕಿರುತ್ತಾರೆ. ಹೋಗುವ ಮೊದಲೇ ಒಂದು ಫೋನ್ ಮಾಡಿ. “ಅಕ್ಕಾ, ಇವನು ರಾತ್ರಿ ಹೆದರ್ತಾನೆ, ಇವನಿದ್ದಾಗ ಅದನ್ನ ಹಾಕೋದು ಬೇಡ” ಎಂದರೆ ಯಾರೂ ಬೇಜಾರಾಗುವುದಿಲ್ಲ. ನಿಲ್ಲಿಸಿ ಎರಡು ಮೂರು ವಾರ ಕಳೆದರೂ ಹೊಡೆಯುವುದು, ಬೆಚ್ಚುವುದು ಕಡಿಮೆಯಾಗದಿದ್ದರೆ ಕಾರಣ ಬೇರೆ ಇರಬಹುದು. ನೋಟ್‌ಬುಕ್ ಹಿಡಿದುಕೊಂಡು ಮಕ್ಕಳ ಡಾಕ್ಟರ ಹತ್ತಿರ ಹೋಗಿ.

ಆರು ತಿಂಗಳು ಬಿಟ್ಟು ಮಗು ಮತ್ತೆ ಕೇಳಿದರೆ ಹಂತ 4ರಿಂದ ಶುರು ಮಾಡಿ. ಅದಕ್ಕೂ ಮೊದಲು ಪಿನ್ ಬದಲಿಸಿ. ಅಷ್ಟರಲ್ಲಿ ನಿಮ್ಮ ಬೆರಳು ಎಲ್ಲೆಲ್ಲಿ ಹೋಗುತ್ತದೆ ಎಂದು ನೋಡಿ ಅದು ಕಲಿತಿರುತ್ತದೆ.